ಮರ ಇದೆ, ಹತ್ತೋನಿಲ್ಲ: ಡ್ರಾಯಿಂಗ್ ಮೇಷ್ಟ್ರ ಕಲೆ ಕುರಿತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ಹೈಸ್ಕೂಲಿಗೆ ಬೇಕಾದರೂ ಹೋಗಿ, ಎಂಟನೇ ಕ್ಲಾಸಿನ ಮಕ್ಕಳ ಕೈಗೆ ಒಂದೊಂದು ಹಾಳೆ ಕೊಟ್ಟು 'ಏನಾದರೂ ಚಿತ್ರ ಬರೀರಿ' ಅನ್ನಿ. ಎರಡು ಗುಡ್ಡ, ಗುಡ್ಡದ ನಡುವೆ ಹುಟ್ಟುವ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಂಡೆಗೊಂದು ಗುಡಿಸಲು, ಗುಡಿಸಲ ಪಕ್ಕ ಸೊಂಟ ಬಾಗಿಸಿ ನಿಂತ ಒಂದು ತೆಂಗಿನ ಮರ. ಬಹುಪಾಲು ಹಾಳೆಗಳಲ್ಲಿ ಇಷ್ಟೇ. ಹಾಗೆ ತುಂಬಿ ಇಳಿಯುವ ಹೊಳೆಯನ್ನು ಈ ಬಯಲುಸೀಮೆಯ ಮಕ್ಕಳು ಕಂಡದ್ದು ಕಡಿಮೆ. ಕಂಡಿರುವುದು ತೆಂಗು. ಆದರೆ ಆ ತೆಂಗಿನ ಮರದ ಮೇಲೆ ಯಾರೂ ಇರುವುದಿಲ್ಲ. ಕಾಯಿ ಕೀಳುವವನಿಲ್ಲ. ಕೆಳಗೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಮಟ್ಟೆ ಸುಲಿಯುವವನಿಲ್ಲ. ಚಿಪ್ಪು ಬಿಡಿಸಿ ಉಂಡೆ ಕೊಬ್ಬರಿ ತೆಗೆಯುವ ಹೆಂಗಸರಿಲ್ಲ. ಹಾಳೆಯ ಮುಂದೆ ಕೂತ ಹುಡುಗನ ಅಪ್ಪ ಅವತ್ತು ಬೆಳಗ್ಗೆ ಅಂಥದೇ ಮರ ಹತ್ತಿ ಇಳಿದಿದ್ದರೂ ಚಿತ್ರದೊಳಕ್ಕೆ ಅವನಿಗೆ ಪ್ರವೇಶವಿಲ್ಲ.

ಇದು ಮಕ್ಕಳ ತಪ್ಪಲ್ಲ. ಮಕ್ಕಳಿಗೆ ಈ ಚಿತ್ರವನ್ನು ಕಲಿಸಿದವರು ಯಾರು, ಕಲಿಸಿದವರಿಗೆ ಯಾರು ಕಲಿಸಿದರು, ಅವರೇ ರಾತ್ರಿ ಮನೆಯಲ್ಲಿ ಕೂತು ತಮ್ಮ ಕ್ಯಾನ್ವಾಸಿನ ಮೇಲೆ ಏನು ಬರೆಯುತ್ತಾರೆ ಎಂಬ ಪ್ರಶ್ನೆಗಳನ್ನು ಕನ್ನಡ ವಿಮರ್ಶೆ ಕೇಳಿದ್ದು ಅಪರೂಪ. ಕಥೆ, ಕವನ, ಕಾದಂಬರಿಗಳ ಸಾಲು ಸಾಲಿಗೆ ಜಾತಿ, ವರ್ಗದ ಲೆಕ್ಕ ಕೇಳಿದ ನಾಡು ಇದು. ಚಿತ್ರದ ಹತ್ತಿರ ಬಂದಾಗ ಮಾತ್ರ 'ಬಣ್ಣ ಚೆನ್ನಾಗಿದೆ, ರೇಖೆ ಲಯಬದ್ಧವಾಗಿದೆ' ಎಂದು ಮುಂದಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ನಾವು ಇಲ್ಲಿ ಹೈಸ್ಕೂಲಿನಲ್ಲಿ ಚಿತ್ರ ಕಲಿಸುತ್ತ ತಾವೂ ಚಿತ್ರ ಬರೆಯುವ ಮೇಷ್ಟ್ರುಗಳ ಕಲೆಯನ್ನು ಕಲೆ ಅಂತಲೇ ಎದುರಿಗಿಟ್ಟುಕೊಂಡು ಮಾತಾಡಬೇಕೆಂದಿದ್ದೇವೆ. ಕನಿಕರಕ್ಕಲ್ಲ, ಸನ್ಮಾನಕ್ಕೂ ಅಲ್ಲ. ಒಬ್ಬೊಬ್ಬ ಮೇಷ್ಟ್ರ ಹೆಸರು ಹಿಡಿದು ಜಗ್ಗುವುದಕ್ಕಂತೂ ಅಲ್ಲವೇ ಅಲ್ಲ.

ಮೊದಲು ಈ ಮನುಷ್ಯ ಯಾರು ಅನ್ನುವುದನ್ನು ನೋಡೋಣ. ಸ್ಟಾಫ್ ರೂಮಿನಲ್ಲಿ ಅವನ ಕುರ್ಚಿ ಬಾಗಿಲ ಹತ್ತಿರದ್ದು. ಗಣಿತದವರು, ಇಂಗ್ಲಿಷಿನವರು ಒಂದು ಜಾತಿ. ಡ್ರಾಯಿಂಗು, ಡ್ರಿಲ್ಲು, ಸಂಗೀತ, ಕ್ರಾಫ್ಟಿನವರು ಇನ್ನೊಂದು ಜಾತಿ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಚಿತ್ರಕ್ಕೆ ಒಂದು ಅಂಕವೂ ಇಲ್ಲ. ಅಂಕವಿಲ್ಲದ ಮೇಲೆ ಪೀರಿಯಡ್ಡಿಗೂ ಮರ್ಯಾದೆಯಿಲ್ಲ. ವಾರಕ್ಕೆ ಒಂದೋ ಎರಡೋ ಇರುವುದನ್ನೂ ಪರೀಕ್ಷೆ ಹತ್ತಿರ ಬಂತು ಅಂತ ಗಣಿತದ ಮೇಷ್ಟ್ರು ತೆಗೆದುಕೊಂಡುಬಿಡುತ್ತಾರೆ. ಆದರೆ ಶಾಲೆಗೆ ಎಂಎಲ್‌ಎ ಬರುತ್ತಾರೆ ಅಂದ ಕೂಡಲೇ ಇವನು ಬೇಕು. ಸ್ವಾಗತದ ಬಟ್ಟೆ ಬರೆಯುವುದಕ್ಕೆ, ಪ್ರಶಸ್ತಿ ಪತ್ರದ ಮೇಲೆ ಅಂದವಾಗಿ ಹೆಸರು ತುಂಬುವುದಕ್ಕೆ, ಆಗಸ್ಟ್ ಹದಿನೈದಕ್ಕೆ ಧ್ವಜದ ಕಂಬದ ಸುತ್ತ ರಂಗೋಲಿ ಹಾಕಿಸುವುದಕ್ಕೆ, ಗೋಡೆ ಮೇಲೆ ಭಾರತದ ನಕ್ಷೆ ಬರೆಯುವುದಕ್ಕೆ, ಪ್ರತಿಭಾ ಕಾರಂಜಿಗೆ ಹುಡುಗರ ಮುಖಕ್ಕೆ ಬಣ್ಣ ಬಳಿಯುವುದಕ್ಕೆ. ಎಲೆಕ್ಷನ್ ಡ್ಯೂಟಿಗೆ, ಜನಗಣತಿಗೆ ಮಾತ್ರ ಅವನು ಎಲ್ಲರಿಗೂ ಸಮ.

ಇದೇ ಮನುಷ್ಯ ಊಟ ಮುಗಿಸಿ, ಹೆಂಡತಿ ಮಕ್ಕಳು ಮಲಗಿದ ಮೇಲೆ ಬಾಡಿಗೆ ಮನೆಯ ಪಡಸಾಲೆಯಲ್ಲಿ ಬೋರ್ಡು ಒರಗಿಸಿಕೊಂಡು ಬಣ್ಣ ಕಲಸುತ್ತಾನೆ. ವರ್ಷಕ್ಕೊಮ್ಮೆ ನಾಲ್ಕು ಜನ ಸೇರಿ ತಿಪಟೂರಿನಲ್ಲೋ ತುಮಕೂರಿನಲ್ಲೋ ಪ್ರದರ್ಶನ ಇಟ್ಟುಕೊಳ್ಳುತ್ತಾರೆ. ಅದೃಷ್ಟ ಇದ್ದವನ ಚಿತ್ರ ಬೆಂಗಳೂರಿನ ಗ್ಯಾಲರಿ ತನಕ ಹೋಗುತ್ತದೆ. ಅಲ್ಲಿ ಅವನನ್ನು 'ಹವ್ಯಾಸಿ' ಅನ್ನುತ್ತಾರೆ. ಶಾಲೆಯಲ್ಲಿ ಅವನು ಪೂರಾ ಮೇಷ್ಟ್ರಲ್ಲ, ಗ್ಯಾಲರಿಯಲ್ಲಿ ಪೂರಾ ಕಲಾವಿದನಲ್ಲ. ಈ ಎರಡು ಕಡೆಯ ಅವಮಾನದ ನಡುವೆ ಅವನ ಕೈ ಕೆಲಸ ಮಾಡುತ್ತಿರುತ್ತದೆ. ಇಷ್ಟು ಗೊತ್ತಿದ್ದುಕೊಂಡೇ ನಾವು ಆ ಕೈಯನ್ನು ಪ್ರಶ್ನೆ ಕೇಳಬೇಕು. ನೋವುಂಡವನ ಕಲೆಯೆಲ್ಲ ತಾನಾಗಿ ನೋವಿನ ಪರವಾಗಿ ಇರುತ್ತದೆ ಎನ್ನುವ ಹಾಗಿಲ್ಲ.

ಆ ಎರಡು ಗುಡ್ಡದ ಚಿತ್ರ ಎಲ್ಲಿಂದ ಬಂತು? ಇಂಗ್ಲಿಷರು 1850ರಲ್ಲಿ ಮದರಾಸಿನಲ್ಲಿ, 1857ರಲ್ಲಿ ಮುಂಬಯಿಯಲ್ಲಿ ಕಲಾಶಾಲೆ ತೆರೆದಾಗ ಅವರಿಗೆ ಬೇಕಾಗಿದ್ದದ್ದು ಕಲಾವಿದರಿಗಿಂತ ಹೆಚ್ಚಾಗಿ ನೆಟ್ಟಗೆ ಗೆರೆ ಎಳೆಯುವ ಕೈಗಳು. ಡ್ರಾಯಿಂಗ್ ಅಂದರೆ ಕಣ್ಣಿಗೂ ಕೈಗೂ ಶಿಸ್ತು. ಮಾದರಿ ಎದುರಿಗಿಟ್ಟು ನಕಲು ಮಾಡು, ಇನ್ನೂ ನಕಲು ಮಾಡು, ಸ್ವಂತದ್ದೇನನ್ನೂ ಸೇರಿಸಬೇಡ. ಆ ಶಿಸ್ತೇ ಪರೀಕ್ಷೆಯಾಗಿ ಹಳ್ಳಿಗೆ ಇಳಿಯಿತು. ಇವತ್ತಿಗೂ ಲೋಯರ್ ಗ್ರೇಡು, ಹೈಯರ್ ಗ್ರೇಡು ಅಂತ ಮಕ್ಕಳು ಕಟ್ಟುವ ಪರೀಕ್ಷೆಯಲ್ಲಿ ವಸ್ತುಚಿತ್ರ, ವಿನ್ಯಾಸ, ಜ್ಯಾಮಿತಿ, ನೆನಪಿನ ಚಿತ್ರ ಎಂಬ ಅದೇ ಕಟ್ಟುಪಾಡು. ನಮ್ಮಲ್ಲಿ ಇದರ ಜೊತೆಗೆ ಇನ್ನೊಂದು ಧಾರೆಯೂ ಇತ್ತೆಂಬುದನ್ನು ಮರೆಯಬಾರದು. 1919ರಲ್ಲಿ ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು ಕಲಾಮಂದಿರ ಕಟ್ಟಿದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಚಿತ್ರಶಾಲೆಗಳನ್ನು ನಡೆಸಿದರು. ಆಮೇಲೆ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಆರ್.ಎಂ. ಹಡಪದರು ಕೆನ್ ಕಲಾಶಾಲೆ ಕಟ್ಟಿ, ಹಳ್ಳಿಯಿಂದ ಬರಿಗೈಯಲ್ಲಿ ಬಂದ ಹುಡುಗರನ್ನು ಸೇರಿಸಿಕೊಂಡರು. ನಾಡಿನ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮೇಷ್ಟ್ರುಗಳು ಬಂದದ್ದು ಬಹುಮಟ್ಟಿಗೆ ಇಂಥ ಸಣ್ಣ ಸಣ್ಣ ಶಾಲೆಗಳಿಂದಲೇ. ಕೈಕಸುಬಿನ ಜಾತಿಗಳ, ರೈತಾಪಿ ಮನೆಗಳ, ಕೇರಿಯ ಹುಡುಗರಿಗೆ ಬಿಎ, ಎಂಎ ಇಲ್ಲದೆಯೂ ಒಂದು ಸಂಬಳದ ಕೆಲಸ ಸಿಕ್ಕ ಬಾಗಿಲು ಇದು. ಆ ಬಾಗಿಲಿಗೆ ನಾವು ಬೆಲೆ ಕೊಡಲೇಬೇಕು.

ಆದರೆ ಬಾಗಿಲಿಂದ ಒಳಗೆ ಬಂದವನಿಗೆ ಒಳಗಿದ್ದ ಚಿತ್ರವೇ ಗಂಟುಬಿತ್ತು. 'ನೆನಪಿನ ಚಿತ್ರ' ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಜಾತ್ರೆ, ಸಂತೆ, ಬಸ್ ನಿಲ್ದಾಣ, ಮದುವೆ ಮನೆ ಇಂಥ ವಿಷಯ ಕೊಡುತ್ತಾರೆ. ಯಾರ ನೆನಪು? ಜಾತ್ರೆ ಅಂದರೆ ನಡುವೆ ತೇರು, ಸುತ್ತ ಜನ, ಮುಂದೆ ಬಲೂನು ಮಾರುವವನು ಎಂದು ಮಾದರಿ ಸಿದ್ಧವಾಗಿದೆ. ತೇರಿನ ಹಗ್ಗ ಮುಟ್ಟುವ ಹಾಗಿಲ್ಲದೆ ಊರಾಚೆ ನಿಂತು ನೋಡಿದ ಕುಟುಂಬದ ಹುಡುಗನ ನೆನಪಿನಲ್ಲಿ ತೇರು ಅಷ್ಟು ದೊಡ್ಡದಿರುವುದಿಲ್ಲ. ಅವನು ನಿಂತ ಜಾಗದಿಂದ ಅದು ಹೆಬ್ಬೆರಳಿನಷ್ಟು ಕಾಣುತ್ತದೆ. ಹತ್ತಿರದಲ್ಲಿ ಕಾಣುವುದು ತಮಟೆ, ತಮಟೆ ಕಾಯಿಸುವ ಬೆಂಕಿ, ಅಪ್ಪನ ಬೆನ್ನು. ಅವನು ಹಾಗೇ ಬರೆದರೆ ಪರೀಕ್ಷಕರು 'ಪ್ರಮಾಣ ತಪ್ಪಿದೆ' ಎಂದು ಕೆಂಪು ಗೆರೆ ಎಳೆಯುತ್ತಾರೆ. ಪ್ರಮಾಣ ತಪ್ಪಿರುವುದು ಹಾಳೆಯಲ್ಲೋ ಊರಿನಲ್ಲೋ ಎಂದು ಕೇಳಬೇಕಾದವನು ಡ್ರಾಯಿಂಗ್ ಮೇಷ್ಟ್ರು. ಅವನು ಕೇಳುವುದಿಲ್ಲ. ಮಗ್ಗಲಲ್ಲಿ ಕೂತು ತೇರು ದೊಡ್ಡದು ಮಾಡಿಕೊಡುತ್ತಾನೆ. ಪಾಸಾಗಲಿ ಪಾಪ ಅಂತ.

ಇನ್ನು ಅರಳಗುಪ್ಪೆಯ ಮಾತು. ತಿಪಟೂರು ತಾಲ್ಲೂಕಿನ ಈ ಹಳ್ಳಿ ರೈಲು ನಿಲ್ದಾಣ ಇರುವ ಊರು, ಸುತ್ತ ತೆಂಗು. ಊರಿನಲ್ಲಿ ಎರಡು ಹಳೆಯ ಗುಡಿಗಳಿವೆ. ಕಲ್ಲೇಶ್ವರ ಗುಡಿ ಒಂಬತ್ತನೇ ಶತಮಾನದ್ದು, ಗಂಗ-ನೊಳಂಬರ ಕಾಲದ ಕೆಲಸ. ಅದರ ಒಳಛಾವಣಿಯ ಕಲ್ಲಿನಲ್ಲಿ ನಡುವೆ ಕುಣಿಯುವ ಶಿವ, ಸುತ್ತ ದಿಕ್ಪಾಲಕರು. ಚೆನ್ನಕೇಶವ ಗುಡಿ ಹೊಯ್ಸಳರದ್ದು, ಹದಿಮೂರನೇ ಶತಮಾನದ್ದು. ಈ ಸೀಮೆಯ ಡ್ರಾಯಿಂಗ್ ಮೇಷ್ಟ್ರುಗಳಿಗೆ ಇವು ತೆರೆದ ಪಾಠಶಾಲೆ. ಮಕ್ಕಳನ್ನು ಕರೆದುಕೊಂಡು ಬಂದು ಕೂರಿಸಿ, ಗೋಡೆಯ ವಿಗ್ರಹ ತೋರಿಸಿ ಪೆನ್ಸಿಲಿನಲ್ಲಿ ಬರೆಸುತ್ತಾರೆ. ತಾವೂ ಬರೆಯುತ್ತಾರೆ. ಅವರ ಒಳ್ಳೆಯ ಕೆಲಸ ಎಷ್ಟೋ ಸಲ ಇಂಥ ಸ್ಕೆಚ್ಚುಗಳಲ್ಲೇ ಇರುತ್ತದೆ. ಕಲ್ಲಿನ ಮೇಲೆ ಬಿದ್ದ ಬಿಸಿಲನ್ನು, ಒಡೆದ ಮೂಗನ್ನು, ಮಳೆ ನೀರು ಇಳಿದ ಕಲೆಯನ್ನು ಹಿಡಿಯುವಾಗ ಇವರ ಕೈ ಸುಳ್ಳು ಹೇಳುವುದಿಲ್ಲ.

ಸುಳ್ಳು ಶುರುವಾಗುವುದು ವಿವರಣೆಯಲ್ಲಿ. 'ನಮ್ಮ ಪೂರ್ವಜರ ಭವ್ಯ ಪರಂಪರೆ' ಎಂದು ಮೇಷ್ಟ್ರು ಹೇಳಿಕೊಡುತ್ತಾರೆ. ಯಾರ ಪೂರ್ವಜರು? ಒಳಛಾವಣಿಯ ಶಿವನನ್ನು ನೋಡಬೇಕಾದರೆ ಗುಡಿಯ ಒಳಗೆ ಹೋಗಿ ತಲೆ ಎತ್ತಬೇಕು. ಈ ನಾಡಿನಲ್ಲಿ ನೂರಾರು ವರ್ಷ ಒಂದಿಷ್ಟು ಜನಕ್ಕೆ ಗುಡಿಯ ಒಳಗೆ ಹೋಗುವುದೂ ಇರಲಿಲ್ಲ, ಊರ ಮುಂದೆ ತಲೆ ಎತ್ತುವುದೂ ಇರಲಿಲ್ಲ. ಅಸ್ಪೃಶ್ಯತೆ ಅಪರಾಧ ಎಂದು ಕಾನೂನು ಬಂದದ್ದು 1955ರಲ್ಲಿ. ಕಲ್ಲಿಗೆ ಇರುವ ವಯಸ್ಸಿನಲ್ಲಿ ಇದು ನಿನ್ನೆಯ ಮಾತು. ಹುಡುಗರಿಗೆ ವಿಗ್ರಹ ಬರೆಸುವ ಮೇಷ್ಟ್ರು ಈ ಎರಡು ವಾಕ್ಯ ಸೇರಿಸಿ ಹೇಳಿದರೆ ಪಾಠ ಕೆಡುವುದಿಲ್ಲ. ಬಂಡೆ ಸೀಳಿದವರು, ಕಲ್ಲು ಎಳೆದವರು, ಸುಣ್ಣ ಅರೆದವರು ಯಾರು ಅಂತ ಮಕ್ಕಳನ್ನೇ ಕೇಳಿದರೆ ಕೇರಿಯ ಹುಡುಗನಿಗೂ ಆ ಗೋಡೆಗೂ ಒಂದು ಸಂಬಂಧ ಹುಟ್ಟುತ್ತದೆ.

ಇನ್ನೊಂದು ಮಾತಿದೆ. ಹೊಯ್ಸಳರ ಕಾಲದ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಹೆಸರು ಬರೆದಿದ್ದಾನೆ. ನಮ್ಮ ಸೀಮೆಯ ಪಕ್ಕದಲ್ಲೇ ಇರುವ ನುಗ್ಗೇಹಳ್ಳಿಯ 1246ರ ಗುಡಿಯಲ್ಲಿ ನಂದಿಯ ಬೈಚೋಜ, ಮಲ್ಲಿತಮ್ಮ ಇಬ್ಬರ ಹೆಸರೂ ಇವೆ. ಅದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಸಿಗುತ್ತದೆ. ದಂಡನಾಯಕನ ದುಡ್ಡು, ದೇವರ ಪಾದ, ಅದರ ಕೆಳಗೆ ಕೂಲಿಗೆ ಕೆತ್ತಿದವನ ಸ್ವಂತ ಹೆಸರು. ಏಳೆಂಟು ನೂರು ವರ್ಷದ ಹಿಂದಿನ ಕೆಲಸಗಾರನಿಗೆ ಇದ್ದ ಈ ಧೈರ್ಯವನ್ನು ನೆನಪಿಟ್ಟುಕೊಂಡು ಇವತ್ತಿನ ಮೇಷ್ಟ್ರ ಚಿತ್ರಗಳ ಹತ್ತಿರ ಬರೋಣ.

ಮೇಷ್ಟ್ರುಗಳ ಪ್ರದರ್ಶನಗಳಲ್ಲಿ ನಾವು ಮತ್ತೆ ಮತ್ತೆ ಕಾಣುವುದು ನಾಲ್ಕು ಬಗೆ. ಒಂದು, ಹಂಪಿ ಬೇಲೂರುಗಳ ಪಾಳು ಮಂಟಪ. ಎರಡು, ಕಣ್ಣು ಮುಚ್ಚಿದ ಬುದ್ಧನ ಮುಖ. ಮೂರು, ಮುರಿದ ಬಾಗಿಲು, ಲಾಟೀನು, ಎತ್ತಿನ ಗಾಡಿಯ ಚಕ್ರದಂಥ 'ಮರೆಯಾಗುತ್ತಿರುವ ಹಳ್ಳಿ'. ನಾಲ್ಕು, ಕನ್ನಡಿ ಹೊಲಿದ ಲಂಗ ತೊಟ್ಟ ಲಂಬಾಣಿ ಹೆಂಗಸು. ಇವುಗಳಲ್ಲಿ ಕೊನೆಯದಕ್ಕೆ ಒಂದು ಹಿನ್ನೆಲೆ ಇದೆ. ಸಂಡೂರಿನಲ್ಲಿ ಚಿತ್ರಕಲೆ ಕಲಿಸಿಕೊಂಡಿದ್ದ ವಿ.ಟಿ. ಕಾಳೆಯವರು ಲಂಬಾಣಿ ಜನರನ್ನು ಬರೆದು ಹೆಸರಾದರು. ದೇವಾನುದೇವತೆಗಳ, ರಾಜರಾಣಿಯರ ಜಾಗದಲ್ಲಿ ತಾಂಡಾದ ಹೆಂಗಸನ್ನು ತಂದು ಕ್ಯಾನ್ವಾಸಿನ ನಡುವೆ ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ. ಅದೂ ರಾಜಧಾನಿಯಲ್ಲಿ ಕೂತಲ್ಲ, ಮೇಷ್ಟ್ರಾಗಿ ಅದೇ ಊರಿನಲ್ಲಿದ್ದು. ಆದರೆ ಒಬ್ಬರು ಕಂಡದ್ದನ್ನು ನೂರು ಜನ ನಕಲು ಮಾಡಿದಾಗ ಏನಾಗುತ್ತದೆ? ಕನ್ನಡಿ ಉಳಿಯಿತು, ಬಳೆ ಉಳಿಯಿತು, ಹೆಂಗಸು ಮಾಯವಾದಳು. ಸಂಡೂರಿನ ಸುತ್ತ ಕಬ್ಬಿಣ, ಮ್ಯಾಂಗನೀಸು ಗಣಿಗಳಿವೆ. ತಾಂಡಾದ ಜನ ಕೂಲಿಗಾಗಿ ಊರು ಬಿಟ್ಟು ಊರಿಗೆ ಹೋಗುತ್ತಾರೆ. ನಕಲಿನ ಚಿತ್ರದ ಲಂಬಾಣಿ ಹೆಂಗಸಿಗೆ ಗಣಿಯ ಧೂಳು ಮೆತ್ತಿಲ್ಲ, ಕಂಕುಳಲ್ಲಿ ಗಂಟುಮೂಟೆ ಇಲ್ಲ. ಅವಳು ಯಾವಾಗಲೂ ನಿಂತಿರುತ್ತಾಳೆ, ನಗುತ್ತಿರುತ್ತಾಳೆ, ಕೊಳ್ಳುವವರ ಗೋಡೆಯ ಬಣ್ಣಕ್ಕೆ ಹೊಂದುತ್ತಿರುತ್ತಾಳೆ.

ಈ ನಾಲ್ಕೂ ಬಗೆಯಲ್ಲಿ ಸಾಮಾನ್ಯವಾದದ್ದು ಒಂದು: ಯಾರೂ ಕೆಲಸ ಮಾಡುತ್ತಿರುವುದಿಲ್ಲ. ಪಾಳು ಮಂಟಪದಲ್ಲಿ ಜನವೇ ಇಲ್ಲ. ಬುದ್ಧ ಕಣ್ಣು ಮುಚ್ಚಿದ್ದಾನೆ. ಆದ್ದರಿಂದ ನೋಡುವವನನ್ನು ಏನೂ ಕೇಳುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಯಾವ ಬುದ್ಧನ ಕಡೆ ನಡೆದರೋ ಆ ಬುದ್ಧನಿಗೂ ಡ್ರಾಯಿಂಗ್ ರೂಮಿನ ಈ ಬುದ್ಧನಿಗೂ ಪರಿಚಯವೇ ಇಲ್ಲ. ಗಾಡಿಯ ಚಕ್ರ ಒರಗಿದೆ, ಗಾಡಿ ಹೊಡೆದವನಿಲ್ಲ. ಮಕ್ಕಳ ಹಾಳೆಯ ತೆಂಗಿನ ಮರವೂ ಮೇಷ್ಟ್ರ ಕ್ಯಾನ್ವಾಸೂ ಒಂದೇ ಬೇರಿನಿಂದ ಹುಟ್ಟಿದವು. ಎರಡರಲ್ಲೂ ಸೌಂದರ್ಯ ಅಂದರೆ ದುಡಿಮೆಯನ್ನು ಅಳಿಸಿ ಉಳಿದದ್ದು.

ಹಾಗಾದರೆ ಈ ಮೇಷ್ಟ್ರುಗಳ ಕೈಯಿಂದ ಬೇರೆ ಚಿತ್ರ ಬಂದೇ ಇಲ್ಲವೇ? ಬಂದಿದೆ. ಅದನ್ನು ಅವರು ಪ್ರದರ್ಶನಕ್ಕೆ ಇಡುವುದಿಲ್ಲ, ವಿಮರ್ಶಕರು ನೋಡುವುದಿಲ್ಲ.

ಎಪ್ಪತ್ತರ ದಶಕದ ನಡುವಿನಿಂದ ದಲಿತ ಸಂಘರ್ಷ ಸಮಿತಿ ಊರೂರಿಗೆ ಹೋದಾಗ ಕೇರಿಯ ಬಾಗಿಲಲ್ಲಿ ಬೋರ್ಡು ಎದ್ದಿತು. ತಗಡಿನ ಮೇಲೆ, ಸಮುದಾಯ ಭವನದ ಗೋಡೆಯ ಮೇಲೆ, ಏಪ್ರಿಲ್ 14ರ ಮೆರವಣಿಗೆಯ ಬಟ್ಟೆಯ ಮೇಲೆ ಅಂಬೇಡ್ಕರ್ ಮುಖ ಮೂಡಿತು. ಇವನ್ನು ಬರೆದವರು ಯಾರು? ಪೇಟೆಯಲ್ಲಿ ಬೋರ್ಡು ಬರೆಯುವ ಕಸುಬಿನವರು ಒಂದಷ್ಟು ಜನ. ಪೇಟೆ ದೂರವಿದ್ದ ಕಡೆ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಹುಡುಗರು ಬಂದು 'ಸಾ, ಬಾಬಾಸಾಹೇಬ್ರುದು ಒಂದ್ ಬರ್ಕೊಡಿ ಸಾ' ಅಂದಾಗ ಅವನು ಪುಸ್ತಕದ ಒಂದು ಸಣ್ಣ ಫೋಟೋ ಮುಂದಿಟ್ಟುಕೊಂಡು, ಚೌಕ ಹಾಕಿ ದೊಡ್ಡದು ಮಾಡಿ, ಎನಾಮೆಲ್ ಬಣ್ಣದಲ್ಲಿ ಬರೆದುಕೊಟ್ಟ. ಎಷ್ಟೋ ಕಡೆ ರಾತ್ರಿ ಹೊತ್ತು. ಕೆಳಗೆ ಹೆಸರು ಹಾಕಲಿಲ್ಲ.

ನಾವು ಹೇಳುತ್ತೇವೆ: ಕಳೆದ ಐವತ್ತು ವರ್ಷಗಳಲ್ಲಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಅತಿ ಹೆಚ್ಚು ಜನ ನಿಂತು ನೋಡಿದ, ಅತಿ ಹೆಚ್ಚು ಜನರ ಬದುಕನ್ನು ಮುಟ್ಟಿದ ಚಿತ್ರಗಳಲ್ಲಿ ಇದು ಒಂದು. ಇದನ್ನು ಚಿತ್ರವೆಂದೇ ನೋಡಬೇಕು. ಹಾಗೆ ನೋಡಿದರೆ ಅದರ ಶಕ್ತಿ ಎಲ್ಲಿದೆ ಅನ್ನುವುದು ಕಾಣುತ್ತದೆ. ಮುಖ ನೇರವಾಗಿ ಎದುರಿಗಿದೆ. ಕಣ್ಣು ಮುಚ್ಚಿಲ್ಲ, ಆಕಾಶ ನೋಡುವುದಿಲ್ಲ, ಬೋರ್ಡಿನ ಮುಂದೆ ಹೋಗುವವನನ್ನೇ ನೋಡುತ್ತದೆ. ಊರ ಧಣಿಯ ಎದುರು ಕಣ್ಣೆತ್ತಬಾರದೆಂದು ಕಲಿತ ಕೇರಿಯಲ್ಲಿ, ಹಗಲೂ ರಾತ್ರಿ ಕಣ್ಣೆತ್ತಿ ನಿಂತ ಒಂದು ಮುಖ. ಮೈಮೇಲೆ ಪೂರಾ ಬಟ್ಟೆ. ಅಂಗಿ ತೊಟ್ಟರೆ, ಚಪ್ಪಲಿ ಮೆಟ್ಟಿದರೆ ಹೊಡೆಸಿಕೊಂಡವರ ಮಕ್ಕಳಿಗೆ ಕೋಟು, ಟೈ, ಕೈಯಲ್ಲಿ ಪುಸ್ತಕ ಅಲಂಕಾರದ ವಸ್ತುಗಳಲ್ಲ. ಅವು ಹಕ್ಕಿನ ಪತ್ರ. ಆ ನೀಲಿ ಬಣ್ಣ ನೆರಳು ಬೆಳಕಿನ ಸೂಕ್ಷ್ಮವಿಲ್ಲದ, ಡಬ್ಬಿಯಿಂದ ನೇರವಾಗಿ ಬಳಿದ ಬಣ್ಣ. ದೂರದ ರಸ್ತೆಯಿಂದ ಬಸ್ಸಿನಲ್ಲಿ ಹೋಗುವವನಿಗೂ 'ಇಲ್ಲಿ ನಾವಿದ್ದೇವೆ' ಎಂದು ಹೇಳುವುದಕ್ಕೆ ಅಂಥ ಬಣ್ಣವೇ ಬೇಕು. ಈ ಬೋರ್ಡುಗಳಿಗೆ ಕಲ್ಲು ಬಿದ್ದಿವೆ, ಸಗಣಿ ಬಿದ್ದಿದೆ. ಗ್ಯಾಲರಿಯ ಬುದ್ಧನಿಗೆ ಯಾರೂ ಕಲ್ಲು ಹೊಡೆದಿಲ್ಲ. ಚಿತ್ರವೊಂದು ಏನು ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಅಳತೆ ಹುಡುಕಬೇಕಾಗಿಲ್ಲ.

ಹಾಗಂತ ಬೋರ್ಡುಗಳಿಗೆಲ್ಲ ಜೈ ಅನ್ನುವುದೂ ವಿಮರ್ಶೆಯಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ದೇವರ ಪಟಗಳು ಮನೆ ಮನೆಗೆ ಬಂದವು. ಗುಡಿಯೊಳಕ್ಕೆ ಬಿಡದವರ ಗೋಡೆಗೂ ಲಕ್ಷ್ಮಿ, ಸರಸ್ವತಿ ಬಂದರು. ಅವರ ಜೊತೆ ಬಂದದ್ದು ಗುಲಾಬಿ ಮೈಬಣ್ಣ, ತಲೆಯ ಹಿಂದಿನ ಪ್ರಭೆ. ಎಷ್ಟೋ ಬೋರ್ಡುಗಳಲ್ಲಿ ನಮ್ಮ ಮೇಷ್ಟ್ರು ಅದೇ ಗುಲಾಬಿಯನ್ನು ಬಾಬಾಸಾಹೇಬರ ಕೆನ್ನೆಗೆ ಬಳಿದರು, ಅದೇ ಪ್ರಭೆಯನ್ನು ಹಿಂದಕ್ಕೆ ಇಟ್ಟರು. ಪ್ರಶ್ನೆ ಕೇಳಿದ ಮನುಷ್ಯ ಪೂಜೆ ಮಾಡಿಸಿಕೊಳ್ಳುವ ಪಟವಾಗುವ ಅಪಾಯ ಶುರುವಾದದ್ದು ಕುಂಚದ ತುದಿಯಲ್ಲೇ. ಮೇಷ್ಟ್ರಿಗೆ ಬೇರೆ ಮುಖ ಬರೆದು ಅಭ್ಯಾಸವಿರಲಿಲ್ಲ. ಕಪ್ಪು ಮೈಯನ್ನು ಕಪ್ಪಾಗಿಯೇ, ಗೌರವದಿಂದ ಬರೆಯುವುದು ಹೇಗೆ ಅಂತ ಯಾವ ಗ್ರೇಡ್ ಪರೀಕ್ಷೆಯೂ ಅವನಿಗೆ ಕೇಳಿರಲಿಲ್ಲ. ಈಗ ಫ್ಲೆಕ್ಸ್ ಬಂದಿದೆ. ಒಂದೇ ಫೋಟೋ, ಕೆಳಗೆ ಹುಟ್ಟುಹಬ್ಬದವರ ಸಾಲು ಮುಖ. ಬೋರ್ಡು ಬರೆಯುವವರ ಅನ್ನ ಹೋಯಿತು. ಅದರ ಜೊತೆಗೆ ಒಂದು ಊರಿನ ಕೈ ಒಂದು ಊರಿನ ಕೇರಿಗೆ ಬರೆದ ಮುಖವೂ ಹೋಯಿತು. ವಕ್ರವಾಗಿದ್ದರೂ ಅದು ನಮ್ಮದಾಗಿತ್ತು.

'ಇವೆಲ್ಲ ಪ್ರಚಾರ, ಕಲೆಯಲ್ಲ' ಅನ್ನುವವರಿದ್ದಾರೆ. ಅವರಿಗೆ ಎರಡು ಉದಾಹರಣೆ ಕೊಡುತ್ತೇವೆ. 1938ರಲ್ಲಿ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿ ಕೇಳಿದರೆಂದು ಶಾಂತಿನಿಕೇತನದ ಚಿತ್ರದ ಮೇಷ್ಟ್ರು ನಂದಲಾಲ್ ಬೋಸ್ ತಮ್ಮವರ ಜೊತೆ ಸೇರಿ ಸುಮಾರು 400 ಪೋಸ್ಟರು ತಯಾರು ಮಾಡಿಸಿದರು. ಡೋಲು ಬಡಿಯುವವನು, ದರ್ಜಿ, ಬಡಗಿ ಎಲ್ಲರೂ ಅದರಲ್ಲಿದ್ದರು. ಸಭೆಗೆ ಬರುವ ರೈತಾಪಿ ಜನ ನೋಡಲೆಂದು ಬಯಲಿನಲ್ಲಿ ತೂಗುಹಾಕಿದ ಚಿತ್ರಗಳು ಅವು. ಇವತ್ತು ಅವುಗಳಲ್ಲಿ ಉಳಿದದ್ದನ್ನು ದೆಹಲಿಯ ರಾಷ್ಟ್ರೀಯ ಗ್ಯಾಲರಿಯಲ್ಲಿ ಗಾಜಿನ ಹಿಂದೆ ಕಾಪಾಡಿದ್ದಾರೆ. ಅದು ರಾಜಕೀಯ ಸಭೆಗೆ ಬರೆದ ಪೋಸ್ಟರು, ಆದರೂ ಕಲೆ. ನಮ್ಮ ಮೇಷ್ಟ್ರು ಕೇರಿಯ ಸಭೆಗೆ ಬರೆದದ್ದು ಮಾತ್ರ ಪ್ರಚಾರ. ಈ ವ್ಯತ್ಯಾಸ ಕುಂಚದಲ್ಲಿಲ್ಲ, ಸಭೆ ಕರೆದವರ ಜಾತಿಯಲ್ಲಿದೆ.

ಎರಡನೆಯದು ರಾಮಕಿಂಕರ್ ಬೈಜ್. ಬಂಗಾಳದ ಬಾಂಕುರಾದ ಕ್ಷೌರಿಕರ ಮನೆಯಲ್ಲಿ 1906ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಅಸಹಕಾರ ಚಳವಳಿಗೆ ನಾಯಕರ ಮುಖಗಳನ್ನು ಬರೆದುಕೊಡುತ್ತಿದ್ದರು. ಆ ಕೆಲಸ ಕಂಡ ಸಂಪಾದಕ ರಾಮಾನಂದ ಚಟರ್ಜಿ ಅವರನ್ನು 1925ರಲ್ಲಿ ಶಾಂತಿನಿಕೇತನಕ್ಕೆ ಕರೆತಂದರು. ಅಂದರೆ ಚಳವಳಿಯ ಬೋರ್ಡು ನೋಡಿ ಒಬ್ಬ ಕಲಾವಿದನನ್ನು ಗುರುತಿಸುವ ಕಣ್ಣು ಈ ದೇಶದಲ್ಲಿ ಆಗಲೇ ಇತ್ತು. ಅಲ್ಲೇ ಮೇಷ್ಟ್ರಾಗಿ ಉಳಿದ ರಾಮಕಿಂಕರ್ 1938ರಲ್ಲಿ ಕೂಲಿಗೆ ಹೊರಟ ಸಂತಾಲ ಕುಟುಂಬವನ್ನು ಬಯಲಿನಲ್ಲಿ ನಿಲ್ಲಿಸಿದರು. ಅಮೃತಶಿಲೆಯಲ್ಲಲ್ಲ, ಕಂಚಿನಲ್ಲಲ್ಲ. ಸಿಮೆಂಟು ಮತ್ತು ಆ ನೆಲದ ಕೆಂಪು ಜಂಬಿಟ್ಟಿಗೆಯ ಹರಳು ಕಲಸಿ. ಹೊತ್ತ ಗಂಟು, ಅಡ್ಡೆಯಲ್ಲಿ ಕೂತ ಮಗು, ಜೊತೆಗೆ ನಾಯಿ. ನಡಿಗೆಯೇ ಶಿಲ್ಪವಾಗಿದೆ. ಕೈಗೆ ಸಿಕ್ಕ ಸಾಮಾನು, ಕಣ್ಣೆದುರಿನ ಕೂಲಿಕಾರ, ಮೇಷ್ಟ್ರ ಕೆಲಸ: ಈ ಮೂರೂ ನಮ್ಮ ಮೇಷ್ಟ್ರಿಗೂ ಇವೆ. ನಮ್ಮ ಸೀಮೆಯಲ್ಲಿ ಅಮ್ಮಸಂದ್ರದ ಸಿಮೆಂಟು ಬಂತು, ತೆಂಗಿನ ನಾರಿದೆ, ಕರಟದ ಇದ್ದಿಲಿದೆ, ಕೆಮ್ಮಣ್ಣಿದೆ. ಬಣ್ಣದ ಡಬ್ಬಿ ಕೊಳ್ಳಲಾರದ ಹುಡುಗನಿಗೆ 'ಡಬ್ಬಿ ತರದೆ ಯಾಕೆ ಬಂದೆ' ಅಂತ ಬೆಂಚಿನ ಮೇಲೆ ನಿಲ್ಲಿಸುವ ಬದಲು ಒಲೆಯ ಇದ್ದಿಲು ಕೊಟ್ಟು ಕೂರಿಸಬಹುದು. ಅದು ಬಡತನಕ್ಕೆ ಮಾಡಿದ ರಾಜಿಯಲ್ಲ, ಕಲೆಯ ದಾರಿಗಳಲ್ಲೊಂದು.

ಮೇಷ್ಟ್ರು ಇದಕ್ಕೆ ಕೊಡುವ ಉತ್ತರವನ್ನೂ ಕೇಳಬೇಕು. 'ನಾನೇನ್ ಮಾಡ್ಲಿ ಸ್ವಾಮಿ, ಸರ್ಕಾರಿ ನೌಕರ. ಊರೊಳಗೆ ಬಾಡಿಗೆ ಮನೇಲಿದೀನಿ. ನಾಳೆ ಮನೆ ಖಾಲಿ ಮಾಡಿ ಅಂದ್ರೆ?' ಅನ್ನುತ್ತಾನೆ. ಇದು ಹುಸಿ ಭಯವಲ್ಲ. ಮೇಷ್ಟ್ರೇ ಕೇರಿಯಿಂದ ಬಂದವನಾದರೆ ಮನೆ ಸಿಗುವುದೇ ಕಷ್ಟ, ಸಿಕ್ಕರೂ ಜಾತಿ ಮುಚ್ಚಿಟ್ಟುಕೊಂಡು ಬದುಕಬೇಕು. ಅಂಥವನ ಚಿತ್ರದಲ್ಲಿ ಗುಡ್ಡ, ಸೂರ್ಯ, ಮಂಟಪ ತುಂಬಿಕೊಳ್ಳುವುದು ಯಾಕೆ ಅಂತ ನಮಗೆ ಅರ್ಥವಾಗುತ್ತದೆ. ಜನರಿಲ್ಲದ ಚಿತ್ರಕ್ಕೆ ಜಾತಿ ಕೇಳುವುದಿಲ್ಲ ಅಂತ ಅವನ ಲೆಕ್ಕ. ಆದರೆ ಆ ಲೆಕ್ಕ ತಪ್ಪು. ಜನರನ್ನು ಹೊರಗಿಟ್ಟ ಚಿತ್ರವೇ ಪೂರಾ ಜಾತಿಯ ಚಿತ್ರ. ಊರು ಕೇರಿಯನ್ನು ಹೊರಗಿಟ್ಟ ಹಾಗೆ ಅದು ದುಡಿಯುವವನನ್ನು ಹೊರಗಿಡುತ್ತದೆ. ಕೇರಿಯಿಂದ ಬಂದ ಕೈಯೇ ಆ ಗೆರೆ ಎಳೆದರೂ ಗೆರೆ ಬದಲಾಗುವುದಿಲ್ಲ. ಭಯಪಡುವ ಮೇಷ್ಟ್ರ ಪಕ್ಕದಲ್ಲಿ ನಿಲ್ಲುವುದು ಸಂಘಟನೆಯ ಕೆಲಸ. ಭಯವನ್ನೇ ಸೌಂದರ್ಯ ಅಂತ ಗೋಡೆಗೆ ತೂಗುಹಾಕಿದಾಗ ಅದನ್ನು ಇಳಿಸಿ ತೋರಿಸುವುದು ವಿಮರ್ಶೆಯ ಕೆಲಸ.

ಸರ್ಕಾರದ ಮಾತನ್ನೂ ಆಡಬೇಕು. ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ ಅರೆಕಾಲಿಕ ಬೋಧಕರಿರಬೇಕು ಅಂದಿತು. ನೂರು ಮಕ್ಕಳಿಲ್ಲದ ಸಣ್ಣ ಹಳ್ಳಿಯ ಶಾಲೆಗೆ ಆ ಅರ್ಧ ಮೇಷ್ಟ್ರೂ ಇಲ್ಲ. ಡ್ರಾಯಿಂಗ್ ಮೇಷ್ಟ್ರು ನಿವೃತ್ತಿಯಾದ ಮೇಲೆ ಕುರ್ಚಿ ಖಾಲಿ ಬಿದ್ದಿರುವ ಹೈಸ್ಕೂಲುಗಳನ್ನು ನಮ್ಮ ಓದುಗರಾದ ಹಳ್ಳಿ ಮೇಷ್ಟ್ರುಗಳು ಎಣಿಸಿ ಹೇಳಬಲ್ಲರು. ದುಡ್ಡಿದ್ದವರ ಮಕ್ಕಳಿಗೆ ಪೇಟೆಯಲ್ಲಿ ಸಂಜೆ ಕ್ಲಾಸುಗಳಿವೆ. ಕೂಲಿಯವರ ಮಗಳು ಬಣ್ಣ ಮುಟ್ಟುವ ಒಂದೇ ಜಾಗ ಸರ್ಕಾರಿ ಶಾಲೆಯ ಆ ಪೀರಿಯಡ್ಡು. ಅದನ್ನು ಮುಚ್ಚುವುದೆಂದರೆ ಈ ನಾಡಿನಲ್ಲಿ ಯಾರು ಚಿತ್ರ ಬರೆಯಬಹುದು ಅನ್ನುವುದನ್ನು ಮತ್ತೆ ಹುಟ್ಟಿನಿಂದ ತೀರ್ಮಾನಿಸುವುದು. ಖಾಲಿ ಹುದ್ದೆ ತುಂಬಿ ಎಂಬ ಬೇಡಿಕೆ ಬರೀ ನೌಕರರ ಸಂಘದ ಬೇಡಿಕೆಯಾಗಬಾರದು. ದಲಿತ, ರೈತ, ವಿದ್ಯಾರ್ಥಿ ಸಂಘಟನೆಗಳು ಅದನ್ನು ತಮ್ಮದು ಮಾಡಿಕೊಳ್ಳಬೇಕು.

ಡ್ರಾಯಿಂಗ್ ಮೇಷ್ಟ್ರುಗಳಾದ ಗೆಳೆಯರೇ, ನಿಮ್ಮ ಮುಂದೆ ನಾವು ಮೂರು ಮಾತು ಇಡುತ್ತೇವೆ. ಮಕ್ಕಳಿಗೆ ಮಾದರಿ ಕೊಡುವುದನ್ನು ಒಂದು ತಿಂಗಳು ನಿಲ್ಲಿಸಿ. ಅರಳಗುಪ್ಪೆಯ ಹುಡುಗನಿಗೆ ಮರ ಹತ್ತುವವನ ಪಾದ ತೊಂಡೆಯ ಮೇಲೆ ಹೇಗೆ ಊರುತ್ತದೆ ಅಂತ ನಿಮಗಿಂತ ಚೆನ್ನಾಗಿ ಗೊತ್ತು. ಕಾಯಿ ಸುಲಿದು ಸುಲಿದು ಬಿರಿದ ತನ್ನ ಅವ್ವನ ಅಂಗೈ ಹುಡುಗಿಗೆ ಬಾಯಿಪಾಠ. ಅದನ್ನು ಬರೆಯಿರಿ ಅಂತ ಹೇಳಿ, ಪ್ರಮಾಣ ತಪ್ಪಿದರೆ ತಪ್ಪಲಿ. ಎರಡನೆಯದು, ಈ ಊರಿನಲ್ಲಿ ನಿಮ್ಮ ಕಣ್ಣಿಗೆ ಬಿದ್ದ ಕೆಲಸಗಾರರನ್ನು ನಿಮ್ಮ ಕ್ಯಾನ್ವಾಸಿಗೆ ಕರೆಯಿರಿ. ಅಲಂಕಾರಕ್ಕಲ್ಲ, ಅವರ ಕೆಲಸದ ಸಮೇತ. ಕೊಬ್ಬರಿ ತುಂಬಿದ ಅಟ್ಟವನ್ನು ಬರೆದರೆ ಆ ಕೊಬ್ಬರಿ ಯಾರದು, ಅಟ್ಟಕ್ಕೆ ಹೊತ್ತವರು ಯಾರು ಅನ್ನುವುದೂ ಅದರಲ್ಲಿ ಬರಲಿ. ಮೂರನೆಯದು, ಕೇರಿಗೆ ಬರೆದುಕೊಟ್ಟ ಚಿತ್ರದ ಕೆಳಗೆ ಹೆಸರು ಹಾಕಿ. ಹೆಸರು ಹಾಕುವುದಕ್ಕೆ ಇವತ್ತು ಭಯವಾದರೆ, ನಾಲ್ಕು ಜನ ಮೇಷ್ಟ್ರು ಸೇರಿ ಒಟ್ಟಿಗೆ ಹಾಕಿ.

ಇನ್ನು ವಿಮರ್ಶಕರು. ಮುಂದಿನ ಸಲ ನಮ್ಮ ಸೀಮೆಯ ಚಿತ್ರಕಲೆ ಬಗ್ಗೆ ಬರೆಯಬೇಕೆಂದು ಬಂದಾಗ, ಪ್ರದರ್ಶನದ ಹಾಲಿನಿಂದ ಹೊರಗೆ ಬಂದು ಬಸ್ಸು ಹತ್ತಿ. ಕೇರಿ ಹತ್ತಿರ ಇಳಿಯಿರಿ. ಅಳಿಸಿಹೋಗುತ್ತಿರುವ ಗೋಡೆಗಳು ಇನ್ನೂ ಅಷ್ಟಿಷ್ಟು ಉಳಿದಿವೆ. ಸುಣ್ಣ ಬಳಿಯುವುದಕ್ಕೆ ಮುಂಚೆ ಅವನ್ನು ನೋಡಿ, ಬರೆದವರು ಯಾರೆಂದು ಕೇಳಿ, ಬರೆದುಕೊಳ್ಳಿ.